ಟೈಗರ್ ವುಡ್ಸ್‌ಗೆ ಕೊಡುತ್ತಿದ್ದದ್ದು ಎರಡೂಕಾಲು ಗಂಟೆಯ ಖರ್ಚು, ಆದರೂ ಜಿಎಂ ಯಾಕೆ ನಿಲ್ಲಿಸಿತು?

ಗಾಲ್ಫ್ ಆಟಗಾರ ಟೈಗರ್ ವುಡ್ಸ್ ಅವರನ್ನು ಒಂದು ಕಾರು ಕಂಪನಿ ಜಾಹೀರಾತಿನಿಂದ ಬಿಟ್ಟಿತ್ತು ಅಂದರೆ ಸಾಕು, ಕೇಳಿದವರು "ಗೊತ್ತು ಬಿಡಿ, ಆ ಹಗರಣ ಆದಮೇಲೆ ತಾನೆ" ಅನ್ನುತ್ತಾರೆ. ನಾನೂ ತುಂಬಾ ದಿನ ಹಾಗೇ ಅಂದುಕೊಂಡಿದ್ದೆ. ತಾರೀಖುಗಳನ್ನು ಪಕ್ಕಪಕ್ಕ ಇಟ್ಟರೆ ಈ ಕತೆ ನಿಲ್ಲುವುದಿಲ್ಲ. ವುಡ್ಸ್ ಫ್ಲೋರಿಡಾದ ತಮ್ಮ ಮನೆ ಹತ್ತಿರವೇ ಕಾರನ್ನು ಮರಕ್ಕೆ ಗುದ್ದಿ, ಅಲ್ಲಿಂದ ಸಂಸಾರದ ಗುಟ್ಟೆಲ್ಲ ಪೇಪರಿಗೆ ಬಂದದ್ದು 2009ರ ನವೆಂಬರ್ 27ರಂದು. ಜನರಲ್ ಮೋಟಾರ್ಸ್, ಅಂದರೆ ಜಿಎಂ, ತನ್ನ ಬ್ಯೂಕ್ ಕಾರುಗಳಿಗಾಗಿ ವುಡ್ಸ್ ಜೊತೆ ಮಾಡಿಕೊಂಡಿದ್ದ ಒಪ್ಪಂದ ಮುಗಿಯುತ್ತಿದೆ ಎಂದು ಹೇಳಿದ್ದು 2008ರ ನವೆಂಬರ್ 24ರಂದು. ಒಂದು ವರ್ಷ ಮೂರು ದಿನ ಮುಂಚೆ.

ಆಗ ವುಡ್ಸ್ ಹೆಸರಿಗೆ ಒಂದು ಕಪ್ಪು ಚುಕ್ಕೆಯೂ ಇರಲಿಲ್ಲ. ಜಗತ್ತಿನ ನಂಬರ್ ಒನ್ ಗಾಲ್ಫ್ ಆಟಗಾರ. ಮುಖ ಮುಚ್ಚಿಕೊಂಡು ಓಡಾಡುವ ಸ್ಥಿತಿ ಬಂದಿದ್ದು ಕಂಪನಿಗೆ.

ಈ ಹಳೇ ಕತೆ ಈಗ ಯಾಕೆ ಅಂತೀರಾ? ಯಾವುದಾದರೂ ಕಂಪನಿ ಮುಳುಗುತ್ತಿದೆ ಅಂತ ಸುದ್ದಿ ಬಂದ ತಕ್ಷಣ ನಮ್ಮಲ್ಲೂ ಮೊದಲು ಏಳುವ ಪ್ರಶ್ನೆ ಇದೇ: "ಸಂಬಳ ಕೊಡೋಕೆ ದುಡ್ಡಿಲ್ಲ, ಕ್ರಿಕೆಟಿಗನಿಗೆ ಮಾತ್ರ ಕೋಟಿ ಕೋಟಿ ಹೇಗೆ ಕೊಟ್ಟರು?" ಆ ಪ್ರಶ್ನೆಗೆ ಉತ್ತರ ಹುಡುಕಲು ಜಿಎಂ ಪ್ರಕರಣದಷ್ಟು ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಬುಡದಿಂದಲೇ ನೋಡೋಣ.

## ಮುಖವನ್ನು ಬಾಡಿಗೆಗೆ ಕೊಡುವುದು

ಇಂಥ ಕರಾರಿಗೆ ಎಂಡಾರ್ಸ್‌ಮೆಂಟ್ ಅನ್ನುತ್ತಾರೆ. ಹೆಸರಾದ ಒಬ್ಬರು ತಮ್ಮ ಮುಖ, ತಮ್ಮ ಹೆಸರು, ವರ್ಷದಲ್ಲಿ ಒಂದಿಷ್ಟು ದಿನದ ಸಮಯವನ್ನು ಕಂಪನಿಗೆ ಕೊಡುತ್ತಾರೆ. ಕಂಪನಿ ಅದಕ್ಕೆ ಹಣ ಕೊಡುತ್ತದೆ. ಮನೆ ಬಾಡಿಗೆಗೆ ಕೊಟ್ಟ ಹಾಗೇ ಅಂದುಕೊಳ್ಳಿ. ಮನೆ ಮಾಲೀಕರದ್ದೇ, ಆದರೆ ಕರಾರು ಇರುವವರೆಗೆ ಬಳಸುವ ಹಕ್ಕು ಬಾಡಿಗೆದಾರನದ್ದು. ಎಷ್ಟು ವರ್ಷ, ತಿಂಗಳಿಗೆ ಎಷ್ಟು, ಗೋಡೆಗೆ ಮೊಳೆ ಹೊಡೆಯಬಹುದಾ, ಮಧ್ಯದಲ್ಲಿ ಖಾಲಿ ಮಾಡಬೇಕಾದರೆ ಎಷ್ಟು ದಿನ ಮುಂಚೆ ಹೇಳಬೇಕು, ಇದೆಲ್ಲ ಬಾಂಡ್ ಪೇಪರಿನಲ್ಲಿ ಇರುತ್ತದಲ್ಲ, ಇಲ್ಲೂ ಹಾಗೇ. ಎಷ್ಟು ದಿನ ಶೂಟಿಂಗಿಗೆ ಬರಬೇಕು, ಫೋಟೋವನ್ನು ಎಲ್ಲೆಲ್ಲಿ ಬಳಸಬಹುದು ಎಂಬುದೆಲ್ಲ ಬರೆದಿರುತ್ತದೆ. ಇನ್ನೊಂದು ಕಾರು ಕಂಪನಿಯ ಜಾಹೀರಾತಿನಲ್ಲಿ ಕಾಣಿಸಿಕೊಳ್ಳಬಾರದು ಎಂಬ ಷರತ್ತಂತೂ ಇದ್ದೇ ಇರುತ್ತದೆ.

ದುಡ್ಡಿಲ್ಲದೆಯೂ ಇದು ನಡೆಯಬಹುದು. ನಂದಿನಿ ಹಾಲಿಗೆ ಡಾ. ರಾಜ್‌ಕುಮಾರ್, ಆಮೇಲೆ ಪುನೀತ್ ಸಂಭಾವನೆ ಇಲ್ಲದೆ ರಾಯಭಾರಿಯಾಗಿದ್ದು ನಮಗೆಲ್ಲ ಗೊತ್ತಿರುವುದೇ. ಅದು ರೈತರ ಸಂಸ್ಥೆ ಎಂಬ ಪ್ರೀತಿ. ವುಡ್ಸ್ ಮತ್ತು ಬ್ಯೂಕ್ ನಡುವೆ ಇದ್ದದ್ದು ಶುದ್ಧ ವ್ಯಾಪಾರ.

ಇದರ ಪಕ್ಕದಲ್ಲೇ ಸ್ಪಾನ್ಸರ್‌ಶಿಪ್ ಅಥವಾ ಪ್ರಾಯೋಜಕತ್ವ ಅಂತ ಇನ್ನೊಂದಿದೆ. ಇದನ್ನೂ ಅದನ್ನೂ ಬೆರೆಸಿಬಿಡುತ್ತಾರೆ. ಒಬ್ಬ ವ್ಯಕ್ತಿಗೆ ದುಡ್ಡು ಕೊಟ್ಟರೆ ಎಂಡಾರ್ಸ್‌ಮೆಂಟ್. ಒಂದು ಪಂದ್ಯಾವಳಿಗೋ ತಂಡಕ್ಕೋ ಕ್ರೀಡಾಂಗಣಕ್ಕೋ ಕೊಟ್ಟರೆ ಪ್ರಾಯೋಜಕತ್ವ. ಬ್ಯೂಕ್ ಎರಡನ್ನೂ ಮಾಡುತ್ತಿತ್ತು. 1958ರಿಂದ ಮಿಷಿಗನ್‌ನಲ್ಲಿ ಬ್ಯೂಕ್ ಓಪನ್ ಎಂಬ ಗಾಲ್ಫ್ ಪಂದ್ಯಾವಳಿ ನಡೆಯುತ್ತಿತ್ತು. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೋದಲ್ಲಿ ಬ್ಯೂಕ್ ಇನ್ವಿಟೇಷನಲ್ ಅಂತ ಇನ್ನೊಂದು. ಅದರ ಮೇಲೆ ವುಡ್ಸ್.

ವುಡ್ಸ್ ಮೈಮೇಲೆ ಬ್ಯೂಕ್ ಹೆಸರು ಎಲ್ಲಿತ್ತು ಗೊತ್ತಾ? ಚೀಲದ ಮೇಲೆ. ಟೋಪಿ, ಅಂಗಿ ನೈಕಿಯದ್ದು. ಗಾಲ್ಫ್‌ನಲ್ಲಿ ಒಂದೇ ಕೋಲು ಹಿಡಿದು ಆಡುವುದಿಲ್ಲ, 14 ಕೋಲುಗಳವರೆಗೆ ಇಟ್ಟುಕೊಳ್ಳಬಹುದು. ಅವನ್ನೆಲ್ಲ ತುಂಬಿಕೊಂಡ ದೊಡ್ಡ ಚೀಲವನ್ನು ಕ್ಯಾಡಿ ಹೊತ್ತುಕೊಂಡು ಪಕ್ಕದಲ್ಲೇ ನಡೆಯುತ್ತಾನೆ. ಆಟಗಾರ ಯೋಚನೆ ಮಾಡುತ್ತಾ ನಿಂತಾಗಲೆಲ್ಲ ಕ್ಯಾಮೆರಾ ಅವರ ಮೇಲೆ, ಪಕ್ಕದಲ್ಲೇ ಚೀಲ. ಗಾಲ್ಫ್‌ನಲ್ಲಿ ನಿಲ್ಲುವುದೇ ಜಾಸ್ತಿ, ಹೊಡೆಯುವುದು ಕಡಿಮೆ. ನಮ್ಮ ಕ್ರಿಕೆಟಿಗರ ಬ್ಯಾಟಿನ ಮೇಲೆ ಎಂಆರ್‌ಎಫ್ ಸ್ಟಿಕ್ಕರ್ ಇರುತ್ತದಲ್ಲ, ಟೈರಿಗೂ ಬ್ಯಾಟಿಗೂ ಯಾವ ಸಂಬಂಧ ಇಲ್ಲದಿದ್ದರೂ, ಅದೇ ಕೆಲಸ ಆ ಚೀಲ ಮಾಡುತ್ತಿತ್ತು.

## ಅಜ್ಜಂದಿರ ಕಾರು, 23ರ ಹುಡುಗ

ಬ್ಯೂಕ್ ಅಮೆರಿಕದ ತುಂಬಾ ಹಳೆಯ ಕಾರು. 1908ರಲ್ಲಿ ಜಿಎಂ ಹುಟ್ಟಿದ್ದೇ ಮಿಷಿಗನ್‌ನ ಫ್ಲಿಂಟ್ ಊರಿನಲ್ಲಿ, ಬ್ಯೂಕ್ ಕಂಪನಿಯ ಬೆನ್ನ ಮೇಲೆ. ಆದರೆ 1990ರ ದಶಕ ಮುಗಿಯುವ ಹೊತ್ತಿಗೆ ಬ್ಯೂಕ್ ಕೊಳ್ಳುವವರ ಸರಾಸರಿ ವಯಸ್ಸು 60 ದಾಟಿತ್ತು. ರಿಟೈರ್ ಆದವರು, ಮೆತ್ತಗಿನ ಸೀಟು ಬೇಕೆನ್ನುವವರು, ನಿಧಾನವಾಗಿ ಓಡಿಸುವವರು. ಅವರ ಮಕ್ಕಳು ಜಪಾನಿನ ಕಾರು ಕೊಳ್ಳುತ್ತಿದ್ದರು. ಹೊಸ ಗಿರಾಕಿ ಬರದಿದ್ದರೆ ಇರುವ ಗಿರಾಕಿ ವಯಸ್ಸಾಗಿ ಹೋಗುತ್ತಾರೆ, ಅಷ್ಟೇ.

1999ರ ಡಿಸೆಂಬರಿನಲ್ಲಿ ಜಿಎಂ ವುಡ್ಸ್ ಅವರನ್ನು ಹಿಡಿಯಿತು. ಅವರಿಗೆ ಆಗ 23 ವರ್ಷ. ಐದು ವರ್ಷದ ಕರಾರು. 2004ರಲ್ಲಿ ಇನ್ನೂ ಐದು ವರ್ಷಕ್ಕೆ ಮುಂದುವರಿಸಿದರು, ಅಂದರೆ 2009ರ ಕೊನೆವರೆಗೆ. ಎರಡನೇ ಕರಾರಿನ ಮೊತ್ತ ವರ್ಷಕ್ಕೆ ಸುಮಾರು 70 ಲಕ್ಷ ಡಾಲರ್ ಎಂದು ಪತ್ರಿಕೆಗಳು ಅಂದಾಜು ಮಾಡಿದ್ದವು. 2008ರ ರೂಪಾಯಿ ಲೆಕ್ಕದಲ್ಲಿ 35 ಕೋಟಿ ಹತ್ತಿರ.

ಕೆಲಸ ಮಾಡಿತಾ? ಬರೀ ಮಾರಾಟ ನೋಡಿದರೆ ಇಲ್ಲ. ಕರಾರು ಶುರುವಾದಾಗ ಅಮೆರಿಕದಲ್ಲಿ ವರ್ಷಕ್ಕೆ 4 ಲಕ್ಷದಷ್ಟು ಬ್ಯೂಕ್ ಕಾರುಗಳು ಹೋಗುತ್ತಿದ್ದವು. 2008ರಲ್ಲಿ 1.4 ಲಕ್ಷವೂ ಆಗಲಿಲ್ಲ. ಆದರೆ ಇದಕ್ಕೆ ವುಡ್ಸ್ ಕಾರಣ ಅನ್ನುವುದು ಅನ್ಯಾಯ. ಆ ವರ್ಷಗಳಲ್ಲಿ ಬ್ಯೂಕ್ ತನ್ನ ಹಲವು ಮಾಡೆಲ್‌ಗಳನ್ನೇ ನಿಲ್ಲಿಸಿತ್ತು. ಕೊನೆಗೆ ಇಡೀ ಮಾರುಕಟ್ಟೆಯೇ ಕುಸಿಯಿತು. ಅವರಿಲ್ಲದಿದ್ದರೆ ಇನ್ನೂ ಕೆಳಗೆ ಹೋಗುತ್ತಿತ್ತು ಅನ್ನುವವರೂ ಇದ್ದಾರೆ. ಅಳೆಯಲು ಆಗದಿರುವುದೇ ಈ ವ್ಯವಹಾರದ ಮೂಲ ಕಷ್ಟ, ಮತ್ತು ಈ ಕಷ್ಟ ಮುಂದೆ ಒಂದು ಕಡೆ ಅಡ್ಡ ಬರುತ್ತದೆ, ನೆನಪಿಟ್ಟುಕೊಳ್ಳಿ.

ನನಗೆ ಅನಿಸುವುದು ಬೇರೆ. ಜೋಡಿ ಹೊಂದಲಿಲ್ಲ. ಕೋಟಿಗಟ್ಟಲೆ ದುಡಿಯುವ ಇಪ್ಪತ್ತರ ಹರೆಯದ ಹುಡುಗ ತನ್ನ ಸ್ವಂತ ದುಡ್ಡಲ್ಲಿ ಬ್ಯೂಕ್ ಕೊಳ್ಳುತ್ತಾನೆ ಅಂತ ಯಾರು ನಂಬುತ್ತಾರೆ? 2021ರಲ್ಲಿ ಕ್ರೆಡ್ ಆ್ಯಪ್‌ನ ಜಾಹೀರಾತಿನಲ್ಲಿ ನಮ್ಮ ದ್ರಾವಿಡ್ ಬೆಂಗಳೂರಿನ ಟ್ರಾಫಿಕ್‌ನಲ್ಲಿ ಕೂಗಾಡಿ 'ಇಂದಿರಾನಗರದ ಗೂಂಡಾ' ಆದರಲ್ಲ, ಅಲ್ಲೂ ಜೋಡಿ ಹೊಂದಿರಲಿಲ್ಲ, ಆದರೆ ಹೊಂದದಿರುವುದೇ ಅಲ್ಲಿ ತಮಾಷೆ. ಬ್ಯೂಕ್ ತಮಾಷೆ ಮಾಡುತ್ತಿರಲಿಲ್ಲ. ನಿಜವಾಗಿಯೂ ನಂಬಿ ಅನ್ನುತ್ತಿತ್ತು.

## ನಷ್ಟ ಬೇರೆ, ಗಲ್ಲಾ ಖಾಲಿಯಾಗುವುದು ಬೇರೆ

ಈಗ ಕಂಪನಿಯ ಕಡೆ ಬರೋಣ. ಜಿಎಂ ನಷ್ಟದಲ್ಲಿತ್ತು ಅಂದರೆ ಅರ್ಧ ಮಾತ್ರ ಹೇಳಿದ ಹಾಗೆ.

ಒಂದು ದರ್ಶಿನಿ ಹೋಟೆಲ್ ತೆಗೆದುಕೊಳ್ಳಿ. ವರ್ಷದ ಕೊನೆಗೆ ಲೆಕ್ಕ ಹಾಕಿದಾಗ ಐದು ಲಕ್ಷ ನಷ್ಟ ಬಂತು. ಹೋಟೆಲ್ ಮುಚ್ಚುತ್ತದಾ? ಇಲ್ಲ. ಮುಂದಿನ ವರ್ಷ ನೋಡೋಣ ಅಂತ ನಡೆಸಬಹುದು. ಆದರೆ ನಾಳೆ ಬೆಳಗ್ಗೆ ಹಾಲಿನವನಿಗೆ, ಗ್ಯಾಸಿನವನಿಗೆ, ಅಡುಗೆ ಭಟ್ಟರಿಗೆ ಕೊಡಲು ಗಲ್ಲಾದಲ್ಲಿ ಕಾಸಿಲ್ಲ ಅಂದರೆ ನಾಳೆಯೇ ಬಾಗಿಲು ಹಾಕಬೇಕು. ನಷ್ಟ ಅನ್ನುವುದು ಪುಸ್ತಕದಲ್ಲಿ ಇರುತ್ತದೆ. ಕಂಪನಿಯನ್ನು ಕೊಲ್ಲುವುದು ಗಲ್ಲಾ.

ಜಿಎಂ 2007ರಲ್ಲಿ 3,870 ಕೋಟಿ ಡಾಲರ್ ನಷ್ಟ ತೋರಿಸಿತು. ಕೇಳಿದರೆ ಎದೆ ಒಡೆಯುತ್ತದೆ, ಆದರೆ ಅದರಲ್ಲಿ ಬಹುಪಾಲು ತೆರಿಗೆಗೆ ಸಂಬಂಧಿಸಿದ ಪುಸ್ತಕದ ಹೊಂದಾಣಿಕೆ. ಮುಂದೆ ಲಾಭ ಬಂದಾಗ ತೆರಿಗೆಯಲ್ಲಿ ಕಳೆದುಕೊಳ್ಳಬಹುದು ಅಂತ ಇಟ್ಟುಕೊಂಡಿದ್ದ ಲೆಕ್ಕವನ್ನು, ಲಾಭ ಬರುವ ನಂಬಿಕೆಯೇ ಇಲ್ಲವೆಂದು ಅಳಿಸಿಹಾಕಿದರು. ಗಲ್ಲಾದಿಂದ ಅಷ್ಟು ಹಣ ಹೋಗಲಿಲ್ಲ. ಅಷ್ಟು ನಷ್ಟ ತೋರಿಸಿದ ವರ್ಷವೂ ಕಂಪನಿ ನಡೆಯಿತು, ವುಡ್ಸ್ ಕರಾರೂ ನಡೆಯಿತು.

2008ರಲ್ಲಿ ಗಲ್ಲಾ ಖಾಲಿಯಾಗತೊಡಗಿತು. ಜುಲೈ ಹೊತ್ತಿಗೆ ಅಮೆರಿಕದಲ್ಲಿ ಪೆಟ್ರೋಲ್ ಒಂದು ಗ್ಯಾಲನ್‌ಗೆ, ಅಂದರೆ ಸುಮಾರು 3.8 ಲೀಟರಿಗೆ, 4 ಡಾಲರ್ ದಾಟಿತು. ಜಿಎಂ ದುಡಿಯುತ್ತಿದ್ದದ್ದೇ ದೊಡ್ಡ ದೊಡ್ಡ ಎಸ್‌ಯುವಿ, ಪಿಕಪ್ ಟ್ರಕ್‌ಗಳಲ್ಲಿ. ಅವನ್ನು ಕೇಳುವವರಿಲ್ಲ. ಸೆಪ್ಟೆಂಬರಿನಲ್ಲಿ ಲೇಮನ್ ಬ್ರದರ್ಸ್ ಬ್ಯಾಂಕು ಬಿತ್ತು, ಬ್ಯಾಂಕುಗಳು ಸಾಲ ಕೊಡುವುದನ್ನೇ ಬಿಗಿ ಮಾಡಿದವು. ಅಮೆರಿಕದಲ್ಲಿ ಬಹಳಷ್ಟು ಜನ ಕಾರು ಕೊಳ್ಳುವುದು ಸಾಲದಲ್ಲೇ, ಸಾಲ ನಿಂತರೆ ಶೋರೂಮ್ ನಿಂತಂತೆ. ಅಕ್ಟೋಬರಿನಲ್ಲಿ ಜಿಎಂ ಮಾರಾಟ ಹಿಂದಿನ ವರ್ಷದ ಅದೇ ತಿಂಗಳಿಗಿಂತ 45% ಕುಸಿಯಿತು. ಮಾರಾಟ ಬಿದ್ದರೂ ಖರ್ಚು ಬೀಳಲಿಲ್ಲ. ಕಾರ್ಖಾನೆ ಸಂಬಳ, ಬಿಡಿಭಾಗದವರ ಬಿಲ್ಲು, ಎಲ್ಲಕ್ಕಿಂತ ಹೆಚ್ಚಾಗಿ ನಿವೃತ್ತರಾದ ಲಕ್ಷಾಂತರ ಕಾರ್ಮಿಕರ ಪಿಂಚಣಿ ಮತ್ತು ಆಸ್ಪತ್ರೆ ಖರ್ಚು.

ಜುಲೈಯಿಂದ ಸೆಪ್ಟೆಂಬರ್ ಮೂರು ತಿಂಗಳಲ್ಲಿ ಗಲ್ಲಾದಿಂದ ಹೋದದ್ದು 690 ಕೋಟಿ ಡಾಲರ್. ಉಳಿದದ್ದು 1,620 ಕೋಟಿ. ಪರವಾಗಿಲ್ಲವಲ್ಲ ಅನಿಸಬಹುದು. ಆದರೆ ಆ ಗಾತ್ರದ ಕಂಪನಿಯ ದಿನದ ವ್ಯವಹಾರ ನಡೆಯಲು ಕೈಯಲ್ಲಿ ಕನಿಷ್ಠ 1,100ರಿಂದ 1,400 ಕೋಟಿ ಇರಲೇಬೇಕಿತ್ತು, ಅದಕ್ಕಿಂತ ಕೆಳಗೆ ಹೋದರೆ ಹಾಲಿನವನ ಕತೆಯೇ. ವರ್ಷದ ಕೊನೆಗೆ ಆ ಗೆರೆ ಹತ್ತಿರ ಬರುತ್ತೇವೆ ಅಂತ ನವೆಂಬರ್ ಮೊದಲ ವಾರದಲ್ಲಿ ಕಂಪನಿಯೇ ಹೇಳಿಕೊಂಡಿತು. ಅದು ಜಿಎಂ ಹುಟ್ಟಿದ ನೂರನೇ ವರ್ಷ.

## ಎರಡೂಕಾಲು ಗಂಟೆ

ಈಗ ಒಂದು ಸಣ್ಣ ಲೆಕ್ಕ. ಮೂರು ತಿಂಗಳಿಗೆ 690 ಕೋಟಿ ಅಂದರೆ ದಿನಕ್ಕೆ ಸುಮಾರು 7.5 ಕೋಟಿ ಡಾಲರ್. ಗಂಟೆಗೆ 31 ಲಕ್ಷ. ವುಡ್ಸ್‌ಗೆ ಇಡೀ ವರ್ಷಕ್ಕೆ 70 ಲಕ್ಷ. ಅಂದರೆ ವುಡ್ಸ್ ಅವರ ವರ್ಷದ ಹಣ ಉಳಿಸಿದರೆ ಜಿಎಂ ಎರಡೂಕಾಲು ಗಂಟೆ ಜಾಸ್ತಿ ಬದುಕುತ್ತದೆ. ಒಂದು ಸಿನಿಮಾ ನೋಡಿ ಬರುವಷ್ಟು ಹೊತ್ತು.

ಕಂಪನಿಯ ಜಾಹೀರಾತು ಖರ್ಚಿಗೆ ಹೋಲಿಸಿದರೂ ಇದು ಚಿಲ್ಲರೆ. ಜಿಎಂ ಆಗ ಅಮೆರಿಕದಲ್ಲೇ ವರ್ಷಕ್ಕೆ 200 ಕೋಟಿ ಡಾಲರಿಗೂ ಹೆಚ್ಚು ಜಾಹೀರಾತಿಗೆ ಸುರಿಯುತ್ತಿತ್ತು.

ಹಾಗಾದರೆ "ದುಡ್ಡು ಉಳಿಸಲು ವುಡ್ಸ್ ಅವರನ್ನು ಬಿಟ್ಟರು" ಅನ್ನುವುದು ಸುಳ್ಳಾ? ಪೂರ್ತಿ ಸುಳ್ಳಲ್ಲ. ಇಂಥ ಸಣ್ಣ ಸಣ್ಣದು ನೂರು ಕಡಿದರೆ ಒಂದು ದೊಡ್ಡದಾಗುತ್ತದೆ. ಜಿಎಂ ಆ ವರ್ಷ ಮುಂದಿನ ಸೂಪರ್ ಬೌಲ್, ಅಂದರೆ ಅಮೆರಿಕನ್ ಫುಟ್‌ಬಾಲ್ ಫೈನಲ್‌ನ ಜಾಹೀರಾತನ್ನೂ ಬಿಟ್ಟಿತ್ತು, ಆಸ್ಕರ್ ಸಮಾರಂಭದ್ದನ್ನೂ ಬಿಟ್ಟಿತ್ತು. ಹಾಗೆ ಕಡಿಯಲು ಕೂತಾಗ ಯಾವುದನ್ನು ಮೊದಲು ಕಡಿಯುತ್ತಾರೆ? "ಇದರಿಂದ ಎಷ್ಟು ಕಾರು ಮಾರಾಟವಾಯಿತು, ಲೆಕ್ಕ ತೋರಿಸಿ" ಅಂದರೆ ತೋರಿಸಲು ಆಗದಿದ್ದನ್ನು. ಮೇಲೆ ಹೇಳಿದ ಅಳೆಯುವ ಕಷ್ಟ ಇಲ್ಲಿ ಅಡ್ಡ ಬರುತ್ತದೆ.

ಇನ್ನೊಂದು ಕಾರಣವನ್ನು ಜನ ಮರೆಯುತ್ತಾರೆ. ಆ ಚೀಲ ಟಿವಿಯಲ್ಲಿ ಕಾಣುತ್ತಲೇ ಇರಲಿಲ್ಲ. 2008ರ ಜೂನ್‌ನಲ್ಲಿ ವುಡ್ಸ್ ಸ್ಯಾನ್ ಡಿಯೇಗೋದ ಟಾರಿ ಪೈನ್ಸ್ ಮೈದಾನದಲ್ಲಿ, ಬ್ಯೂಕ್ ಇನ್ವಿಟೇಷನಲ್ ನಡೆಯುವ ಅದೇ ಮೈದಾನದಲ್ಲಿ, ಮೊಣಕಾಲಿನ ಲಿಗಮೆಂಟ್ ಹರಿದು, ಕಾಲಿನ ಮೂಳೆ ಬಿರುಕು ಬಿಟ್ಟಿದ್ದರೂ ಕುಂಟುತ್ತಾ ಆಡಿ ಯುಎಸ್ ಓಪನ್ ಗೆದ್ದರು. ಆಮೇಲೆ ಶಸ್ತ್ರಚಿಕಿತ್ಸೆ, ಆ ವರ್ಷ ಮತ್ತೆ ಆಟವಿಲ್ಲ. ಬಾಡಿಗೆ ಕಟ್ಟುತ್ತಿರುವ ಮಳಿಗೆ ಐದು ತಿಂಗಳಿಂದ ಮುಚ್ಚಿದ್ದರೆ ಬಾಡಿಗೆದಾರ ಏನು ಯೋಚನೆ ಮಾಡುತ್ತಾನೆ, ಹೇಳಿ.

## ಜೆಟ್ ವಿಮಾನದಲ್ಲಿ ಬಂದು ಸಾಲ ಕೇಳಿದವರು

ಇಷ್ಟಾದರೂ "ಆ ವಾರವೇ ಯಾಕೆ" ಅನ್ನುವುದಕ್ಕೆ ಉತ್ತರ ಸಿಗಲಿಲ್ಲ. ಅದಕ್ಕೆ ವಾಷಿಂಗ್ಟನ್‌ಗೆ ಹೋಗಬೇಕು.

ನವೆಂಬರ್ 18 ಮತ್ತು 19ರಂದು ಮೂರು ಕಾರು ಕಂಪನಿಗಳ ಮುಖ್ಯಸ್ಥರು, ಜಿಎಂನ ರಿಕ್ ವ್ಯಾಗನರ್, ಫೋರ್ಡ್‌ನ ಅಲನ್ ಮುಲಾಲಿ, ಕ್ರೈಸ್ಲರ್‌ನ ರಾಬರ್ಟ್ ನಾರ್ಡೆಲಿ, ಅಮೆರಿಕದ ಸಂಸತ್ತಿನ ಮುಂದೆ ಕೂತು 2,500 ಕೋಟಿ ಡಾಲರ್ ಸರ್ಕಾರಿ ಸಾಲ ಕೇಳಿದರು. ಮೂವರೂ ಬೇರೆ ಬೇರೆ ಖಾಸಗಿ ಜೆಟ್ ವಿಮಾನದಲ್ಲಿ ಬಂದಿದ್ದರು. ಒಬ್ಬ ಸದಸ್ಯರಂತೂ, ಸಾಮಾನ್ಯ ವಿಮಾನದಲ್ಲಿ ಬಂದವರು ಕೈ ಎತ್ತಿ ಅಂತ ಕೇಳಿದರು. ಒಂದು ಕೈಯೂ ಮೇಲೇಳಲಿಲ್ಲ. ಆ ದೃಶ್ಯ ಟಿವಿಯಲ್ಲಿ ಮತ್ತೆ ಮತ್ತೆ ಬಂತು.

ಜೆಟ್ ಖರ್ಚು ಕೂಡ ಜಿಎಂ ಲೆಕ್ಕದಲ್ಲಿ ಕೆಲವೇ ನಿಮಿಷದ್ದು. ಆದರೆ ಊರಿನ ಸೊಸೈಟಿಗೆ ಬೆಳೆ ಹೋಯಿತು ಅಂತ ಸಾಲ ಕೇಳಲು ಹೋಗುವವನು ಹೊಸ ಬುಲೆಟ್ ಏರಿ, ಕೊರಳಿಗೆ ಚೈನು ಹಾಕಿಕೊಂಡು ಹೋದರೆ ಹೇಗಿರುತ್ತದೆ? ಬುಲೆಟ್ ಮಾರಿದರೆ ಸಾಲ ತೀರುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಆದರೂ ಸೊಸೈಟಿಯವರ ಕಣ್ಣು ಹೋಗುವುದು ಅದರ ಮೇಲೇ, ಯಾಕೆಂದರೆ ಕೊಡುವ ದುಡ್ಡು ಊರವರದ್ದು.

ಇಡೀ ಪ್ರಕರಣದ ಕೀಲಿ ಇರುವುದು ಇಲ್ಲೇ. ಅಲ್ಲಿಯವರೆಗೆ ವುಡ್ಸ್‌ಗೆ ಹೋಗುತ್ತಿದ್ದ ಹಣ ಷೇರುದಾರರದ್ದು. ಇಷ್ಟವಿಲ್ಲದ ಷೇರುದಾರ ಷೇರು ಮಾರಿ ಹೊರಗೆ ಹೋಗಬಹುದು. ಸರ್ಕಾರದ ಸಾಲ ಕೇಳಿದ ದಿನದಿಂದ ಪ್ರತಿ ಡಾಲರಿನ ಮೇಲೂ ತೆರಿಗೆ ಕಟ್ಟುವವನಿಗೆ ಮಾತಾಡುವ ಹಕ್ಕು ಬಂತು. ಅವನು ಹೊರಗೆ ಹೋಗಲಾರ. ಅವನಿಗೆ ಜಿಎಂನ ಪಿಂಚಣಿ ಲೆಕ್ಕ, ಬಾಂಡ್ ಬಡ್ಡಿ ಅರ್ಥವಾಗಬೇಕಿಲ್ಲ. ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ವರ್ಷಗಟ್ಟಲೆ ಕಂಡ ಚೀಲ ಅರ್ಥವಾಗುತ್ತದೆ. ಖರ್ಚು ದೊಡ್ಡದೋ ಸಣ್ಣದೋ ಅನ್ನುವುದಕ್ಕಿಂತ ಕಣ್ಣಿಗೆ ಬೀಳುತ್ತದೋ ಇಲ್ಲವೋ ಅನ್ನುವುದು ಮುಖ್ಯವಾಯಿತು.

ಸಂಸತ್ತು ಅವರನ್ನು ಬರಿಗೈಯಲ್ಲಿ ಕಳಿಸಿ, ಡಿಸೆಂಬರ್ 2ರೊಳಗೆ ಖರ್ಚು ಹೇಗೆ ಕಡಿಮೆ ಮಾಡುತ್ತೀರಿ ಅಂತ ಬರೆದುಕೊಂಡು ಬನ್ನಿ ಎಂದಿತು. ಆ ವಿಚಾರಣೆ ಮುಗಿದ ಐದನೇ ದಿನ ವುಡ್ಸ್ ಕರಾರು ಮುಗಿದ ಸುದ್ದಿ. ಮುಂದಿನ ಸಲ ವ್ಯಾಗನರ್ ವಾಷಿಂಗ್ಟನ್‌ಗೆ ಹೋಗಿದ್ದು ಹೈಬ್ರಿಡ್ ಶೆವ್ರೊಲೆ ಮಾಲಿಬು ಕಾರಿನಲ್ಲಿ, ರಸ್ತೆ ಮಾರ್ಗವಾಗಿ.

ಎರಡಕ್ಕೂ ಸಂಬಂಧವಿಲ್ಲ, ವುಡ್ಸ್ ಜೊತೆ ಮಾತುಕತೆ ಎಷ್ಟೋ ಮೊದಲೇ ಶುರುವಾಗಿತ್ತು ಅಂತ ಕಂಪನಿ ಹೇಳಿತು. ಅದನ್ನು ನಂಬಲು ನನಗೆ ತೊಂದರೆಯಿಲ್ಲ. ಮಾತು ಮೊದಲೇ ಶುರುವಾಗಿರಬಹುದು. ಆದರೆ ಹೊರಗೆ ಹೇಳಲು ಅದಕ್ಕಿಂತ ಒಳ್ಳೆಯ ವಾರ ಸಿಗುತ್ತಿರಲಿಲ್ಲ, ಅಲ್ವಾ?

## ಮಧ್ಯದಲ್ಲಿ ಕರಾರು ಮುಗಿಸುವುದು ಹೇಗೆ?

ಇನ್ನೊಂದು ವರ್ಷ ಬಾಕಿ ಇರುವ ಕರಾರನ್ನು ಕಂಪನಿ ಸುಮ್ನೆ ಹರಿದು ಹಾಕಲು ಆಗುವುದಿಲ್ಲ. ದಾರಿಗಳು ಕೆಲವೇ. ಅವಧಿ ಮುಗಿಯುವವರೆಗೆ ಕಾಯುವುದು ಒಂದು. ಇನ್ನೊಂದು, ಆಟಗಾರ ತಪ್ಪು ಮಾಡಿದರೆ ಬಿಡುವುದು. ಇಂಥ ಕರಾರುಗಳಲ್ಲಿ ಸಾಮಾನ್ಯವಾಗಿ ನಡತೆಯ ಷರತ್ತು ಇರುತ್ತದೆ, ಕಂಪನಿಗೆ ಕೆಟ್ಟ ಹೆಸರು ಬರುವಂಥದ್ದು ಮಾಡಿದರೆ ಕಂಪನಿ ಹೊರಗೆ ಬರಬಹುದು ಅಂತ. 2009ರ ಹಗರಣದ ನಂತರ ಅಕ್ಸೆಂಚರ್, ದೂರವಾಣಿ ಕಂಪನಿ ಎಟಿ ಅಂಡ್ ಟಿ ವುಡ್ಸ್ ಅವರಿಂದ ದೂರವಾದವು. ನೈಕಿ ಮಾತ್ರ 2024ರ ಜನವರಿವರೆಗೂ ಇತ್ತು.

2008ರಲ್ಲಿ ಜಿಎಂಗೆ ಈ ಬಾಗಿಲು ತೆರೆದಿರಲಿಲ್ಲ. ವುಡ್ಸ್ ಮೇಲೆ ಆಗ ಯಾವ ಆರೋಪವೂ ಇರಲಿಲ್ಲ. ತಮಾಷೆ ನೋಡಿ, ಕಂಪನಿ ಹೆಸರು ಕೆಡಿಸಿಕೊಂಡರೆ ಆಟಗಾರ ಹೊರಬರುವ ಷರತ್ತು ತುಂಬಾ ಅಪರೂಪ. ಹಾಗಾಗಿ ಉಳಿದದ್ದು ಇಬ್ಬರೂ ಒಪ್ಪಿ ಮುಗಿಸುವ ದಾರಿ. ಹೇಳಿಕೆಯಲ್ಲಿ ಇದ್ದದ್ದೂ ಅದೇ: ಕಂಪನಿಗೆ ಖರ್ಚು ಕಡಿಮೆ ಮಾಡಬೇಕು, ಎರಡನೇ ಮಗುವಿನ ನಿರೀಕ್ಷೆಯಲ್ಲಿದ್ದ ವುಡ್ಸ್‌ಗೆ ಮನೆಯವರ ಜೊತೆ ಹೆಚ್ಚು ಸಮಯ ಬೇಕು. ಡಿಸೆಂಬರ್ 31ಕ್ಕೆ ಕರಾರು ಮುಕ್ತಾಯ. ಕಂಪನಿಯ ಕಾರುಗಳನ್ನು ಬಳಸುವ ಅವಕಾಶ ಮಾತ್ರ ವುಡ್ಸ್‌ಗೆ 2009ರ ಕೊನೆವರೆಗೂ ಉಳಿಯಿತು. ಹಾಗಾಗಿಯೇ ಆ ನವೆಂಬರಿನಲ್ಲಿ ಮರಕ್ಕೆ ಗುದ್ದಿದ ಕಾರು ಕ್ಯಾಡಿಲಾಕ್ ಎಸ್ಕಲೇಡ್, ಜಿಎಂನದ್ದೇ.

ವರ್ಷಕ್ಕೆ 70 ಲಕ್ಷ ಡಾಲರ್ ಬಿಟ್ಟುಕೊಡಲು ವುಡ್ಸ್ ಯಾಕೆ ಒಪ್ಪಿದರು? ಇದನ್ನು ಹೀಗೆ ನೋಡಬಹುದು. ಕಂಪನಿ ದಿವಾಳಿಯಾಗಿ ಕೋರ್ಟಿಗೆ ಹೋದರೆ, ಅಮೆರಿಕದ ಕಾನೂನಿನಲ್ಲಿ ಹಳೆಯ ಕರಾರುಗಳನ್ನು ಕೈಬಿಡುವ ಅವಕಾಶ ಕಂಪನಿಗೆ ಸಿಗುತ್ತದೆ. ಆಗ ಆಟಗಾರ ಕಂಪನಿಯಿಂದ ಬಾಕಿ ಬರಬೇಕಾದವರ ಸಾಲಿನ ಕೊನೆಯಲ್ಲಿ ನಿಲ್ಲಬೇಕು. ಮೊದಲು ಅಡಮಾನ ಇಟ್ಟುಕೊಂಡ ಬ್ಯಾಂಕು, ಕೊನೆಗೆ ಅಡಮಾನ ಇಲ್ಲದವರು. ಜಿಎಂ 2009ರ ಜೂನ್ 1ರಂದು ಹಾಗೇ ಕೋರ್ಟಿಗೆ ಹೋಯಿತು. ಮೊದಲೇ ಮುಗಿಸಿಕೊಂಡ ಆಟಗಾರ ಮುಳುಗುತ್ತಿರುವ ಕಂಪನಿಯ ಹಿಂದೆ ಅಲೆಯಬೇಕಿಲ್ಲ, ಮತ್ತು ಖಾಲಿಯಾದ ಚೀಲವನ್ನು ಇನ್ನೊಬ್ಬರಿಗೆ ಬಾಡಿಗೆಗೆ ಕೊಡಬಹುದು. ಕೆಲವೇ ತಿಂಗಳಲ್ಲಿ ಅದರ ಮೇಲೆ ಎಟಿ ಅಂಡ್ ಟಿ ಹೆಸರು ಬಂತು.

ಮೊದಲೇ ಮುಗಿಸದೆ ಎಳೆದರೆ ಏನಾಗುತ್ತದೆ ಅನ್ನುವುದನ್ನು ನಾವು ಬೆಂಗಳೂರಿನಲ್ಲೇ ನೋಡಿದ್ದೇವೆ. ಭಾರತ ಕ್ರಿಕೆಟ್ ತಂಡದ ಜೆರ್ಸಿ ಮೇಲೆ ಹೆಸರು ಹಾಕಿಸಿಕೊಂಡಿದ್ದ ಬೈಜೂಸ್ 158.9 ಕೋಟಿ ರೂಪಾಯಿ ಬಾಕಿ ಉಳಿಸಿಕೊಂಡಿದೆ ಅಂತ ಬಿಸಿಸಿಐ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠಕ್ಕೆ ಹೋಯಿತು. 2024ರ ಜುಲೈನಲ್ಲಿ ದಿವಾಳಿ ಪ್ರಕ್ರಿಯೆ ಶುರುವಾಗಿದ್ದು ಅದೇ ಅರ್ಜಿಯ ಮೇಲೆ. ಅದು ಪ್ರಾಯೋಜಕತ್ವ, ಇದು ಎಂಡಾರ್ಸ್‌ಮೆಂಟ್, ನಿಜ. ಬಾಕಿ ವಸೂಲಿಯ ಪಾಡು ಎರಡರಲ್ಲೂ ಒಂದೇ.

## ಅದೇ ಹೊತ್ತಿಗೆ ಬೇರೆಯವರು

ಎಲ್ಲರೂ ಜಿಎಂ ಹಾಗೆ ಮಾಡಲಿಲ್ಲ. ಎಐಜಿ ಎಂಬ ವಿಮಾ ಕಂಪನಿಯನ್ನು ಅಮೆರಿಕ 2008ರ ಸೆಪ್ಟೆಂಬರಿನಲ್ಲಿ 8,500 ಕೋಟಿ ಡಾಲರ್ ಸಾಲ ಕೊಟ್ಟು ಉಳಿಸಿತು. ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ತಂಡದ ಅಂಗಿಯ ಮೇಲೆ ಅದರ ಹೆಸರಿತ್ತು. ಕರಾರು 2010ರವರೆಗೆ ಇದ್ದದ್ದರಿಂದ ಅದನ್ನು ಮುರಿಯದೆ, ಮುಂದುವರಿಸುವುದಿಲ್ಲ ಅಂತಷ್ಟೇ ಹೇಳಿದರು. ಸಿಟಿ ಬ್ಯಾಂಕಿನವರು ಇನ್ನೂ ಗಟ್ಟಿ. ನ್ಯೂಯಾರ್ಕಿನ ಹೊಸ ಬೇಸ್‌ಬಾಲ್ ಕ್ರೀಡಾಂಗಣಕ್ಕೆ 20 ವರ್ಷ ತಮ್ಮ ಹೆಸರಿಡಲು 40 ಕೋಟಿ ಡಾಲರ್ ಒಪ್ಪಿದ್ದರು. ಸರ್ಕಾರದ 4,500 ಕೋಟಿ ಡಾಲರ್ ನೆರವು ತೆಗೆದುಕೊಂಡ ಮೇಲೆ ಜನ ಬೈದರು, ಸಂಸತ್ ಸದಸ್ಯರು ಬೈದರು, ಅವರು ಬಿಡಲಿಲ್ಲ. 2009ರಲ್ಲಿ ಸಿಟಿ ಫೀಲ್ಡ್ ಬಾಗಿಲು ತೆರೆಯಿತು.

ಹಾಗಾಗಿ ಸಾಲ ಕೇಳಿದವರೆಲ್ಲ ಕರಾರು ಮುರಿಯಲೇಬೇಕು ಅಂತೇನೂ ನಿಯಮವಿರಲಿಲ್ಲ. ಜಿಎಂ ಬಳಿ ಒಪ್ಪುವ ಆಟಗಾರ ಇದ್ದರು, ಬಾಕಿ ಇದ್ದದ್ದು ಒಂದೇ ವರ್ಷ, ಮತ್ತು ಅವರ ಅರ್ಜಿ ಇನ್ನೂ ಮೇಜಿನ ಮೇಲಿತ್ತು. ಸಿಟಿಯವರ ಕೈಗೆ ಹಣ ಬಂದಾಗಿತ್ತು.

## ಕೊನೆಯ ಬ್ಯೂಕ್ ಓಪನ್

2008ರ ಡಿಸೆಂಬರ್ 11ರಂದು ಸಂಸತ್ತಿನ ಮೇಲ್ಮನೆ ಸೆನೆಟ್‌ನಲ್ಲಿ ಸಾಲದ ಮಸೂದೆ ಬಿದ್ದುಹೋಯಿತು. 19ರಂದು ಅಧ್ಯಕ್ಷ ಬುಷ್ ಬ್ಯಾಂಕುಗಳಿಗೆ ಎತ್ತಿಟ್ಟ ನಿಧಿಯಿಂದ ಜಿಎಂಗೆ 1,340 ಕೋಟಿ ಡಾಲರ್ ಕೊಡುತ್ತೇವೆ ಎಂದರು. 2009ರ ಮಾರ್ಚ್‌ನಲ್ಲಿ ಒಬಾಮಾ ಸರ್ಕಾರ ಹೇಳಿದ ಮೇಲೆ ವ್ಯಾಗನರ್ ಕುರ್ಚಿ ಬಿಟ್ಟರು. ಸರ್ಕಾರ ಒಟ್ಟು ಹಾಕಿದ್ದು 4,950 ಕೋಟಿ ಡಾಲರ್, 2013ರ ಡಿಸೆಂಬರಿನಲ್ಲಿ ಕೊನೆಯ ಷೇರು ಮಾರಿದಾಗ ಸಾವಿರ ಕೋಟಿಗೂ ಹೆಚ್ಚು ವಾಪಸ್ ಬರಲಿಲ್ಲ.

ಜಿಎಂ ತನ್ನ ಪಾಂಟಿಯಾಕ್, ಸ್ಯಾಟರ್ನ್, ಹಮ್ಮರ್, ಸಾಬ್ ಬ್ರ್ಯಾಂಡ್‌ಗಳನ್ನು ಬಿಟ್ಟಿತು. ಬ್ಯೂಕ್ ಉಳಿಯಿತು. ಅದನ್ನು ಉಳಿಸಿದ್ದು ಅಮೆರಿಕದ ಯುವಕರಲ್ಲ, ಚೀನಾ. ಕೊನೆಯ ಚಕ್ರವರ್ತಿ ಪೂಯಿ ಕಾಲದಿಂದಲೂ ಅಲ್ಲಿ ಬ್ಯೂಕ್ ಅಂದರೆ ದೊಡ್ಡವರ ಕಾರು. 2008ರ ಹೊತ್ತಿಗೆ ಅಮೆರಿಕಕ್ಕಿಂತ ಅಲ್ಲೇ ಜಾಸ್ತಿ ಬ್ಯೂಕ್ ಮಾರಾಟವಾಗುತ್ತಿತ್ತು.

ಪಂದ್ಯಾವಳಿಗಳೂ ಹೋದವು. 1958ರಲ್ಲಿ ಶುರುವಾದ ಬ್ಯೂಕ್ ಓಪನ್ ಕೊನೆಯ ಸಲ ನಡೆದದ್ದು 2009ರ ಜುಲೈ ಕೊನೆ, ಆಗಸ್ಟ್ ಮೊದಲಲ್ಲಿ, ಕಂಪನಿ ದಿವಾಳಿ ಕೋರ್ಟಿನಿಂದ ಹೊರಬಂದ ಮೂರೇ ವಾರಕ್ಕೆ, ಫ್ಲಿಂಟ್ ಪಕ್ಕದ ವಾರ್ವಿಕ್ ಹಿಲ್ಸ್ ಮೈದಾನದಲ್ಲಿ. ಕಾರ್ಖಾನೆಗಳಲ್ಲಿ ದುಡಿದವರ ಊರು ಅದು. ಕರಾರು ಇಲ್ಲದಿದ್ದರೂ ವುಡ್ಸ್ ಬಂದು ಆಡಿದರು, ಆಗಸ್ಟ್ 2ರ ಭಾನುವಾರ ಗೆದ್ದರು. ಟ್ರೋಫಿ ಬ್ಯೂಕ್‌ದು, ಚೀಲದ ಮೇಲೆ ಎಟಿ ಅಂಡ್ ಟಿ.